ರಿಮ್ಮಿಗೆ ಕೂತ ಟೈರೆಲ್ಲ ಲೋಡಿಗೆ ಆಗದು

ನನ್ನದು ಶಿಡ್ಲಘಟ್ಟ ತಾಲ್ಲೂಕಿನ ಮಳೆಯಾಶ್ರಿತ ಜಮೀನು, ನಾಲ್ಕು ಎಕರೆ. ರಾಗಿ, ಅವರೆ, ತೊಗರಿ. ಮಳೆ ಹಿಂದೆ ಬಿದ್ದ ವರ್ಷ ಹುರುಳಿ. ಇಷ್ಟರಲ್ಲಿ ಸಂಸಾರ ನಡೆಯೋದಿಲ್ಲ ಅಂತ 2021ರಲ್ಲಿ ಒಂದು ಹಳೇ ಟಾಟಾ ಏಸ್ ಗಾಡಿ ತಗೊಂಡೆ. 2005ರಲ್ಲಿ ಈ ಗಾಡಿ ಬಂದ ಮೇಲೆ ನಮ್ಮ ಕಡೆ ಎತ್ತಿನ ಗಾಡಿ ಮಾಡುತ್ತಿದ್ದ ಕೆಲಸವನ್ನೆಲ್ಲ ಇದೇ ಮಾಡುತ್ತಿದೆ. ಶಿಡ್ಲಘಟ್ಟಕ್ಕೆ ರೇಷ್ಮೆಗೂಡು, ಚಿಂತಾಮಣಿಗೆ ಟೊಮ್ಯಾಟೊ, ಚಿಕ್ಕಬಳ್ಳಾಪುರಕ್ಕೆ ಹೂವು, ಗೌರಿಬಿದನೂರು ಕಡೆಯಿಂದ ಮುಸುಕಿನ ಜೋಳ, ಹೀಗೆ ಬಾಡಿಗೆ ಸಿಗುತ್ತದೆ.

ಗಾಡಿಯ ಹಿಂದಿನ ಎರಡು ರಿಮ್ಮು ತುಕ್ಕು ಹಿಡಿದು ಅಂಚು ತಿಂದುಹೋಗಿದ್ದವು. ಗುಜರಿಯಲ್ಲಿ ಎರಡು ರಿಮ್ಮು ಹುಡುಕಿದೆ. ಟೈರು ಕೇಳಿದಾಗ ಹೊಸದು ಒಂದಕ್ಕೆ 3,400 ರೂಪಾಯಿ ಅಂದರು. ಹಳೇ ಟೈರು ಮಾರುವವರೊಬ್ಬರು, "ಯಜಮಾನ್ರೇ, ನಿಮ್ಮ ರಿಮ್ಮೂ ಹನ್ನೆರಡು ಇಂಚು, ಈ ಟೈರೂ ಹನ್ನೆರಡು ಇಂಚು. ಮಾರುತಿ ಕಾರಿಂದು, ಗುಂಡಿ ಪೂರಾ ಇದೆ. ಜೋಡಿ 1,400 ಕೊಡಿ" ಅಂದರು. ಹಾಕಿ ನೋಡಿದರೆ ಲಕ್ಷಣವಾಗಿ ಕೂತಿತು. 5,400 ರೂಪಾಯಿ ಉಳಿಯಿತು ಅಂತ ಮನೆಗೆ ಬಂದೆ.

2022ರ ಶ್ರಾವಣ. ತಂಗಿಯ ಹೊಲದ ಟೊಮ್ಯಾಟೊ, 60 ಕ್ರೇಟು, ಚಿಂತಾಮಣಿ ಮಾರ್ಕೆಟ್ಟಿಗೆ. ಅವಳ ಮಗ, "ಮಾವ, ನಾನೂ ಬರ್ತೀನಿ" ಅಂತ ಕ್ರೇಟಿನ ಮೇಲೇ ಹತ್ತಿ ಕೂತ. ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಇನ್ನೂ ಬೆಳಕಾಗಿರಲಿಲ್ಲ. ಕೆರೆ ಏರಿ ಮೇಲೆ ಹಿಂದಿನ ಎಡಗಡೆ ಟೈರು ಪಟ್ ಅಂತ ಒಡೆಯಿತು. ಗಾಡಿ ಏರಿಯ ಅಂಚಿಗೆ ಎಳೆದುಕೊಂಡು ಹೋಗಿ ಒಂದು ಕಲ್ಲಿಗೆ ತಾಗಿ ನಿಂತಿತು. ಹುಡುಗ ರಸ್ತೆ ಕಡೆಗೆ ಬಿದ್ದ. ಮೊಣಕೈ ತರಚಿತು, ಅಷ್ಟೇ. ಕೆರೆ ಕಡೆಗೆ ಬಿದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಆಮೇಲೆ ಗೌರಿಬಿದನೂರಿನಲ್ಲಿ ಲಾರಿ ಕೆಲಸ ಮಾಡಿ ವಯಸ್ಸಾದ ಮೇಸ್ತ್ರಿಯೊಬ್ಬರು ಒಡೆದ ಟೈರನ್ನು ನೋಡಿ, "ಇದು ಮನುಷ್ಯರು ಕೂರೋ ಟೈರು, ಇದರ ಮೇಲೆ ಮಾರ್ಕೆಟ್ ಹೊರಿಸಿದ್ದೀರಿ" ಅಂದರು. ಟೈರಿನ ಪಕ್ಕದ ಬರಹ ಓದೋದನ್ನು ಅವರೇ ಕಲಿಸಿದರು. ನಾನು ಓದಿದ್ದು ಏಳನೇ ಕ್ಲಾಸು. ನನಗೆ ಬಂತು ಅಂದರೆ ಯಾರಿಗಾದರೂ ಬರುತ್ತದೆ.

ಟೈರಿನ ಜಾತಕ

ನನ್ನ ಗಾಡಿಗೆ ಬೇಕಾದ ಟೈರಿನ ಮೇಲೆ 145 ಆರ್ 12 ಎಲ್‌ಟಿ 8 ಪಿಆರ್ ಅಂತ ಇರುತ್ತದೆ. 145 ಅಂದರೆ ಟೈರಿನ ಅಗಲ, ಮಿಲಿಮೀಟರ್ ಲೆಕ್ಕ. ಆರ್ ಅಂದರೆ ರೇಡಿಯಲ್. 12 ಅಂದರೆ ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ಎಲ್‌ಟಿ ಅಂದರೆ ಸಣ್ಣ ಸಾಮಾನು ಗಾಡಿಯದು. 8 ಪಿಆರ್ ಅನ್ನೋದು ಟೈರಿನ ಬಲದ ಲೆಕ್ಕ. ಒಳಗೆ ಎಂಟು ಪದರ ಇದೆ ಅಂತ ಎಲ್ಲರೂ ಹೇಳುತ್ತಾರೆ. ಹಿಂದೆ ಹತ್ತಿ ನೂಲಿನ ಪದರ ಇದ್ದಾಗಿನ ಲೆಕ್ಕ ಅದು. ಈಗ ಎಂಟು ಪದರದಷ್ಟು ಬಲ ಅಂತ ಮಾತ್ರ ಅರ್ಥ.

ನಾನು ಹಾಕಿಸಿದ್ದ ಕಾರಿನ ಟೈರು 145/70 ಆರ್ 12. ಮಾರುತಿ 800ರ ಅಳತೆ. ಅಗಲವೂ 145, ರಿಮ್ಮೂ 12. ಅದಕ್ಕೇ ಸಲೀಸಾಗಿ ಕೂತಿದ್ದು. 70 ಅನ್ನೋದು ಟೈರಿನ ಎತ್ತರ ಅಗಲದ ನೂರಕ್ಕೆ ಎಪ್ಪತ್ತು ಪಾಲು ಅಂತ. ಹಾಗಾಗಿ ಇಡೀ ಗಾಲಿಯೇ ಸುಮಾರು ಮೂರು ಸೆಂಟಿಮೀಟರ್ ಗಿಡ್ಡ.

ಎಲ್ಲಕ್ಕಿಂತ ಮುಖ್ಯ ಅಳತೆಯ ಪಕ್ಕದಲ್ಲಿ ಬರೆದಿರುವ ಸಣ್ಣ ನಂಬರು. ಅದು ತೂಕದ ನಂಬರು. ಒಂದು ಟೈರು ಸರಿಯಾದ ಗಾಳಿಯಲ್ಲಿ ಎಷ್ಟು ಹೊರಬಹುದು ಅನ್ನೋದನ್ನು ಅದು ಹೇಳುತ್ತದೆ.

69 ಅಂದರೆ 325 ಕಿಲೋ
74 ಅಂದರೆ 375 ಕಿಲೋ
84 ಅಂದರೆ 500 ಕಿಲೋ
86 ಅಂದರೆ 530 ಕಿಲೋ

ಇದು ದೇಶದೇಶಕ್ಕೆ ಒಂದೇ ಪಟ್ಟಿ. ಸಾಮಾನು ಗಾಡಿಯ ಟೈರಿನಲ್ಲಿ 86/84 ಅಂತ ಎರಡು ನಂಬರು ಇರುತ್ತದೆ. ಮೊದಲನೆಯದು ಒಂಟಿ ಗಾಲಿಗೆ, ಎರಡನೆಯದು ಲಾರಿಯ ಹಾಗೆ ಜೋಡಿ ಗಾಲಿ ಹಾಕಿದಾಗ. ನಮ್ಮದು ಒಂಟಿ ಗಾಲಿ, ಮೊದಲನೆಯದನ್ನೇ ನೋಡಬೇಕು. ನನ್ನ ಕಾರು ಟೈರಿನ ಮೇಲಿದ್ದದ್ದು 69.

ಇನ್ನೊಂದು ಗುರುತು ಐಎಸ್‌ಐ ಮಾರ್ಕು. ಅದರ ಜೊತೆ ಇರುವ ನಂಬರು 15633 ಆಗಿದ್ದರೆ ಕಾರಿನ ಟೈರು, 15636 ಆಗಿದ್ದರೆ ಸಾಮಾನು ಗಾಡಿಯದು. ಅಂಗಡಿಯವರು ಏನೇ ಹೇಳಲಿ, ಈ ನಂಬರು ಸುಳ್ಳು ಹೇಳೋದಿಲ್ಲ.

ತೂಕದ ಲೆಕ್ಕ

ನನ್ನ ಗಾಡಿಯ ಆರ್‌ಸಿ ಪುಸ್ತಕದಲ್ಲಿ ಲೋಡು ಸೇರಿದ ತೂಕ 1,550 ಕಿಲೋ ಅಂತಿದೆ. 45 ಕ್ರೇಟು ಹಾಕಿ ವೇ ಬ್ರಿಡ್ಜಿಗೆ ಹೋಗಿ, ಬರೀ ಹಿಂದಿನ ಗಾಲಿ ಹತ್ತಿಸಿ ತೂಗಿಸಿದೆ. 950 ಕಿಲೋ ಬಂತು. ಅಂದರೆ ನಾಲ್ಕು ಗಾಲಿಗೂ ತೂಕ ಸಮ ಹಂಚೋದಿಲ್ಲ, ಹಿಂದಕ್ಕೇ ಹೆಚ್ಚು.

ಈಗ ಲೆಕ್ಕ ಹಾಕಿ. 86 ನಂಬರಿನ ಎರಡು ಟೈರು ಹೊರೋದು 1,060 ಕಿಲೋ. 950ಕ್ಕೆ ಸಾಕು. ನನ್ನ ಕಾರು ಟೈರು ಎರಡೂ ಸೇರಿ 650. ನಿಯಮದ ಲೋಡಿಗೇ 300 ಕಿಲೋ ಕಮ್ಮಿ. ಆವತ್ತು ಹಾಕಿದ್ದು 60 ಕ್ರೇಟು. ಹಣ್ಣು 15 ಕಿಲೋ, ಕ್ರೇಟು ಒಂದೂವರೆ ಕಿಲೋ ಅಂದರೂ 990 ಕಿಲೋ. ಹಿಂದಿನ ಗಾಲಿಗಳ ಮೇಲೆ 1,150 ದಾಟಿರಬೇಕು. ಅಷ್ಟಕ್ಕೆ ಸರಿಯಾದ ಟೈರೇ ಇದ್ದಿದ್ದರೂ ಸಾಲುತ್ತಿರಲಿಲ್ಲ. ಆದ್ದರಿಂದ ಒಳ್ಳೇ ಟೈರು ಹಾಕಿದೆ ಅಂತ ಜಾಸ್ತಿ ತುಂಬಬಾರದು. ಈಗ ನಾನು 45ಕ್ಕೆ ನಿಲ್ಲಿಸುತ್ತೇನೆ.

ಹಳೇ ಟೈರೇ ಬೇಕಾದರೆ

ಎಲ್ಲರಿಗೂ ಹೊಸದು ತರಲು ಆಗೋದಿಲ್ಲ, ನನಗೆ ಗೊತ್ತು. ಹಳೆಯದನ್ನು ತರೋದಾದರೆ ಹೀಗೆ ನೋಡಿ.

ಮೊದಲು ಹುಟ್ಟಿದ ದಿನ. ಟೈರಿನ ಪಕ್ಕದಲ್ಲಿ ಒಂದು ಉದ್ದನೆ ಗುರುತಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ನೇ ಇಸವಿಯ 23ನೇ ವಾರ ತಯಾರಾಗಿದ್ದು. ಒಂದು ಪಕ್ಕದಲ್ಲಿ ಇಲ್ಲದಿದ್ದರೆ ಇನ್ನೊಂದು ಪಕ್ಕ ನೋಡಿ. ಬಿಸಿಲಿಗೆ ರಬ್ಬರು ಒಣಗುತ್ತದೆ, ಗುಂಡಿ ಪೂರಾ ಇದ್ದರೂ ಒಳಗೆ ಸತ್ತಿರುತ್ತದೆ. ಐದು ವರ್ಷ ದಾಟಿದ್ದನ್ನು ನಾನು ಮುಟ್ಟೋದಿಲ್ಲ. ಹೊಸ ಟೈರು ತಗೊಳ್ಳುವಾಗಲೂ ಇದನ್ನು ನೋಡಬೇಕು, ಅಂಗಡಿಯಲ್ಲೇ ಮೂರು ವರ್ಷ ಕೂತಿದ್ದು ಇರುತ್ತದೆ.

ಎರಡನೆಯದು ಸವೆತ. ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬ ಇರುತ್ತದೆ. ಅದರ ಎತ್ತರ 1.6 ಮಿಲಿಮೀಟರ್. ಗುಂಡಿ ಸವೆದು ಆ ದಿಬ್ಬದ ಸಮಕ್ಕೆ ಬಂದರೆ ಟೈರಿನ ಆಯಸ್ಸು ಮುಗಿಯಿತು. ಕೆಲವರು ಬೋಳು ಟೈರಿಗೆ ಬಿಸಿ ಬ್ಲೇಡಿನಲ್ಲಿ ಗೆರೆ ಕೊರೆದು, ಕಪ್ಪು ಬಣ್ಣ ಹಚ್ಚಿ ಮಾರುತ್ತಾರೆ. ಅಂಥದ್ದರಲ್ಲಿ ಈ ದಿಬ್ಬವೂ ಕೊರೆದು ಹೋಗಿರುತ್ತದೆ. ದಿಬ್ಬ ಕಾಣದಿದ್ದರೆ ವಾಪಸ್ ಬನ್ನಿ.

ಮೂರನೆಯದು ಒಳಗಡೆ. ಟಾರ್ಚ್ ಹಾಕಿ ನೋಡಿ, ಅಂಗೈ ಆಡಿಸಿ. ತೇಪೆ, ನೂಲು ಎದ್ದಿರೋದು, ಸುತ್ತಲೂ ಕಪ್ಪು ಪುಡಿ ಉದುರೋದು ಇದ್ದರೆ ಗಾಳಿ ಇಲ್ಲದೆ ಓಡಿದ ಟೈರು ಅದು. ರಿಮ್ಮಿಗೆ ಕೂರುವ ಅಂಚಿನ ತಂತಿ ಹೊರಗೆ ಕಂಡರೂ ಬೇಡ. ಪಕ್ಕದಲ್ಲಿ ಉಬ್ಬು ಇದ್ದರಂತೂ ಪುಕ್ಕಟೆ ಕೊಟ್ಟರೂ ಬೇಡ.

ಎರಡೇ ಟೈರಿಗೆ ದುಡ್ಡಿದ್ದರೆ ಎರಡನ್ನೂ ಹಿಂದಕ್ಕೆ ಹಾಕಿ. ಒಂದೇ ಅಚ್ಚಿನ ಎರಡು ತುದಿಗೆ ಒಂದೇ ಅಳತೆ, ಒಂದೇ ಜಾತಿ ಇರಬೇಕು. ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ನೈಲಾನ್ ಟೈರು ಹಾಕಿದರೆ ಬ್ರೇಕು ಹಿಡಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ.

ರಿಮ್ಮು ಮತ್ತು ಟ್ಯೂಬು

ಗುಜರಿ ರಿಮ್ಮಿನಲ್ಲಿ ಬೋಲ್ಟಿನ ತೂತು ಲೆಕ್ಕಕ್ಕೆ ಸರಿ ಇದ್ದರೆ ಸಾಲದು. ತೂತಿನ ನಡುವಿನ ದೂರ, ನಡುವಿನ ದೊಡ್ಡ ತೂತು, ರಿಮ್ಮು ಎಷ್ಟು ಒಳಗೆ ಕೂರುತ್ತದೆ ಅನ್ನೋದು, ಮೂರೂ ಹಳೆಯದರ ಹಾಗೇ ಇರಬೇಕು. ಹಳೇ ರಿಮ್ಮು ಜೊತೆಗೆ ಹೊತ್ತುಕೊಂಡು ಹೋಗಿ, ಒಂದರ ಮೇಲೊಂದು ಇಟ್ಟು ನೋಡಿ. ತೂತಿನ ಸುತ್ತ ಕೂದಲೆಳೆ ಬಿರುಕಿದ್ದರೆ, ವೆಲ್ಡಿಂಗ್ ಮಾಡಿದ್ದರೆ ಬಿಡಿ. ಅಂಚಿನ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಬಣ್ಣ ಹೊಡೆದು, ಪೂರಾ ಒಣಗಿದ ಮೇಲೇ ಟೈರು ಹಾಕಿಸಿ.

ನನ್ನದು ಟ್ಯೂಬಿನ ರಿಮ್ಮು. ಇದಕ್ಕೆ ಟ್ಯೂಬ್‌ಲೆಸ್ ಟೈರನ್ನು ಟ್ಯೂಬಿಲ್ಲದೆ ಹಾಕಬಾರದು. ಟ್ಯೂಬ್‌ಲೆಸ್ ರಿಮ್ಮಿನಲ್ಲಿ ಟೈರಿನ ಅಂಚು ಜಾರದಂತೆ ಒಂದು ಏಣು ಇರುತ್ತದೆ, ಇದರಲ್ಲಿ ಇಲ್ಲ. ಹೊಸ ಟೈರಿಗೆ ಹೊಸ ಟ್ಯೂಬೇ ಹಾಕಬೇಕು. ಹಳೆಯದು ಹಿಗ್ಗಿರುತ್ತದೆ, ಒಳಗೆ ಮಡಿಕೆ ಬಿದ್ದು ಅಲ್ಲೇ ತೂತಾಗುತ್ತದೆ. ಟೈರಿನ ಒಳಗೆ ಅಂಟಿಸಿದ ಚೀಟಿ ಕಿತ್ತು, ಕಸ ಒರೆಸಿ, ಪೌಡರ್ ಹಾಕಿ.

ಗಾಡಿಗೆ ಕೂರಿಸುವಾಗ

ನಟ್ಟುಗಳನ್ನು ಗಾಲಿ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲ ಮಾಡಿ. ಬೇರೆ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಗಟ್ಟಿ ನೆಲದಲ್ಲಿ ಜಾಕು ಎತ್ತಿ. ರಿಮ್ಮು ತಾಗುವ ಜಾಗದ ಮಣ್ಣು, ತುಕ್ಕು ಕೆರೆಯಿರಿ. ನಟ್ಟಿನ ಇಳಿಜಾರು ಮುಖ ರಿಮ್ಮಿನ ಕಡೆಗಿರಬೇಕು. ಒಂದನ್ನು ಬಿಗಿದ ಮೇಲೆ ಪಕ್ಕದ್ದನ್ನು ಬಿಗಿಯಬೇಡಿ, ಎದುರಿನದನ್ನು ಬಿಗಿಯಿರಿ. ಇಳಿಸಿದ ಮೇಲೆ ಇನ್ನೊಂದು ಸಲ ಪೂರಾ ಬಿಗಿ. ಐವತ್ತು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಸ್ಪಾನರ್ ಹಾಕಿ ನೋಡಲೇಬೇಕು. ಬಣ್ಣ ಹೊಡೆದ ರಿಮ್ಮಿನಲ್ಲಿ ನಟ್ಟು ಸಡಿಲವಾಗೋದು ಜಾಸ್ತಿ.

ಲೋಡು ಹೊರೋದು ಗಾಳಿ

ಗಾಳಿ ಟೈರನ್ನು ಬಳಕೆಗೆ ತಂದ ಡನ್‌ಲಪ್ ಎಂಬಾತ ನಮ್ಮ ದನದ ಡಾಕ್ಟರ ಹಾಗೆ ಪಶುವೈದ್ಯ. 1888ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ, ಮಗನ ಮೂರು ಗಾಲಿ ಸೈಕಲ್ಲು ಕುಲುಕದಿರಲಿ ಅಂತ ಮಾಡಿದ್ದು. ತೂಕ ಹೊರೋದು ಒಳಗಿನ ಗಾಳಿ, ರಬ್ಬರು ಆ ಗಾಳಿಯನ್ನು ಹಿಡಿದಿಡುವ ಚೀಲ. ಕಾರಿನ ಟೈರಿಗೆ ಸುಮಾರು 30 ಪೌಂಡು ಗಾಳಿ ಸಾಕು. 8 ಪಿಆರ್ ಟೈರು ಪೂರಾ ಲೋಡು ಹೊರಲು ಅದರ ಎರಡರಷ್ಟರ ಹತ್ತಿರ ಬೇಕು. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಎಷ್ಟಿದೆಯೋ ಅಷ್ಟು ಹಾಕಿಸಿ, ಟೈರಿನ ಮೇಲೆ ಬರೆದಿರುವ ಹೆಚ್ಚಿನ ಮಿತಿ ದಾಟಬೇಡಿ. ಗಾಳಿ ಕಮ್ಮಿ ಇದ್ದರೆ ಪಕ್ಕದ ಗೋಡೆ ಮಡಚಿ ಮಡಚಿ ಬಿಸಿಯಾಗುತ್ತದೆ, ಬಿಸಿಯಾದದ್ದು ಒಡೆಯುತ್ತದೆ. ಬೆಳಗ್ಗೆ ಗಾಡಿ ತಣ್ಣಗಿದ್ದಾಗಲೇ ಗಾಳಿ ನೋಡಬೇಕು. ಸ್ಟೆಪ್ನಿಗೂ ನೋಡಬೇಕು.

ಕೊನೆಗೆ ಖರ್ಚಿನ ಲೆಕ್ಕ

ಜಜ್ಜಿಹೋದದ್ದು 14 ಕ್ರೇಟು, ತಲಾ 250ರಂತೆ 3,500 ರೂಪಾಯಿ. ಉಳಿದ 46 ಕ್ರೇಟು ಹರಾಜಿಗೆ ತಡವಾಗಿ ಹೋಗಿ ಕ್ರೇಟಿಗೆ 70 ಕಮ್ಮಿ, 3,220. ಬೇರೆ ಗಾಡಿ ಬಾಡಿಗೆ 1,500. ರಿಮ್ಮು 900. ಒಟ್ಟು 9,120. ಉಳಿಸಿದ್ದು 5,400. ಆಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗಿ ಅದೇ 6,800 ಕೊಟ್ಟು ಹೊಸ ಜೋಡಿ ತಂದೆ.

ತಂಗಿಯ ನಷ್ಟ ಮೂರು ಕಂತಲ್ಲಿ ಕೊಟ್ಟೆ. ಅವಳು, "ಅಣ್ಣ, ದುಡ್ಡಿರಲಿ, ಹುಡುಗ ಉಳಿದನಲ್ಲ" ಅಂದಳು. ಆ ಮಾತು ಕೇಳಿ ತಲೆ ಎತ್ತಲಾಗಲಿಲ್ಲ. ಈಗ ಅವನು ಬರೋದಾದರೆ ಮುಂದೆ ನನ್ನ ಪಕ್ಕದಲ್ಲಿ ಕೂರುತ್ತಾನೆ. ಹೊರಡುವ ಮುಂಚೆ ಟಾರ್ಚ್ ಹಿಡಿದು ನಾಲ್ಕೂ ಗಾಲಿ ಸುತ್ತಿ ಬರೋದು ಅವನ ಕೆಲಸ. ನಿಮ್ಮ ಮನೆಯಲ್ಲೂ ಒಂದು ಗಾಡಿ ಇದ್ದರೆ ಇವತ್ತು ಸಂಜೆ ಹೋಗಿ ಆ ಸಣ್ಣ ನಂಬರನ್ನು ಒಮ್ಮೆ ಓದಿ ನೋಡಿ.