ಇದ್ದೇ ಇರದ ವಿಡಿಯೊ ಗೇಮ್‌ಗಳು

ಹಳೆಯ ಕಂಪ್ಯೂಟರು, ವಿಡಿಯೊ ಗೇಮ್ ಯಂತ್ರಗಳನ್ನು ಹುಡುಕಿ ತಂದು, ರಿಪೇರಿ ಮಾಡಿ, ಜೋಪಾನವಾಗಿ ಇಟ್ಟುಕೊಳ್ಳುವ ಹವ್ಯಾಸಿಗಳ ಬಳಗ ಅಮೆರಿಕ, ಬ್ರಿಟನ್, ಜಪಾನುಗಳಲ್ಲಿ ದೊಡ್ಡದಿದೆ. ಈ ಬಳಗದಲ್ಲಿ ‘ಕಳೆದುಹೋದ ಆಟ’ಕ್ಕೆ ಎಲ್ಲಿಲ್ಲದ ಬೆಲೆ. ತಯಾರಾಗಿಯೂ ಮಾರುಕಟ್ಟೆಗೆ ಬಾರದ ಆಟ, ಬೆರಳೆಣಿಕೆಯಷ್ಟು ಮಾತ್ರ ಮಾರಾಟವಾದ ಆಟ, ಕಂಪನಿ ಮುಳುಗಿದಾಗ ಅದರ ಜೊತೆಗೇ ಮರೆಯಾದ ಆಟ, ಇಂಥವು ನಿಜಕ್ಕೂ ಇವೆ. ಇವುಗಳ ಸಾಲಿನಲ್ಲೇ ಯಾರೂ ತಯಾರಿಸದ, ಎಲ್ಲಿಯೂ ಮಾರಾಟವಾಗದ ಕೆಲವು ಆಟಗಳೂ ಬಂದು ಕೂತಿವೆ. ಅವುಗಳಿಗೆ ಹೆಸರಿದೆ, ಇಸವಿಯಿದೆ, ಕಂಪನಿಯೂ ಇದೆ. ‘ನಾನು ಚಿಕ್ಕಂದಿನಲ್ಲಿ ಆಡಿದ್ದೆ’ ಎನ್ನುವ ಸಾಕ್ಷಿಗಳೂ ಸಿಗುತ್ತಾರೆ. ಇಲ್ಲದಿರುವುದು ಆಟ ಮಾತ್ರ.

ಇಂಥ ಪುಕಾರುಗಳು ಬೆಳೆಯಲು ನೆಲ ಹದವಾಗಿಯೇ ಇತ್ತು. 1970–80ರ ದಶಕಗಳ ಕಂಪನಿಗಳಿಗೆ ವಿಡಿಯೊ ಗೇಮ್ ಎಂದರೆ ಆ ವರ್ಷದ ಕ್ರಿಸ್‌ಮಸ್‌ಗೆ ಮಾರಿ ಮುಗಿಸುವ ಸರಕು. ಪ್ರೋಗ್ರಾಮ್ ಬರೆದಿಟ್ಟ ಡಿಸ್ಕು, ಟೇಪುಗಳನ್ನು ಕಾಪಿಟ್ಟವರು ಕಡಿಮೆ. ಪುಸ್ತಕಗಳನ್ನು ಸಂಗ್ರಹಿಸಿದಂತೆ ಆಟಗಳನ್ನು ಸಂಗ್ರಹಿಸುವ ಗ್ರಂಥಾಲಯಗಳೂ ಇರಲಿಲ್ಲ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೂ ಮುಂಚೆ ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಇಂದು ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಅವೆಲ್ಲ ನಾಶವಾಗಿವೆ ಎಂದಲ್ಲ. ಸಂಗ್ರಾಹಕರ ಕಪಾಟುಗಳಲ್ಲಿ, ಆಸಕ್ತರ ಕಂಪ್ಯೂಟರುಗಳಲ್ಲಿ ಬಹಳಷ್ಟು ಉಳಿದಿವೆ. ಆದರೆ ಸಾಮಾನ್ಯರು ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳುವಂತಿಲ್ಲ. ಹೀಗಾಗಿ ಎಷ್ಟೋ ಆಟಗಳ ವಿಷಯದಲ್ಲಿ ಜನರ ನೆನಪೇ ದಾಖಲೆಯಾಗಿಬಿಟ್ಟಿದೆ.

ಇಂಥ ಕಟ್ಟುಕತೆಗಳಲ್ಲೆಲ್ಲ ಹೆಸರುವಾಸಿಯಾದದ್ದು ‘ಪಾಲಿಬಿಯಸ್’. ಕತೆ ಹೀಗಿದೆ: 1981ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದ ಕೆಲವು ಆರ್ಕೇಡ್‌ಗಳಲ್ಲಿ, ಎಂದರೆ ನಾಣ್ಯ ಹಾಕಿ ಆಡುವ ಯಂತ್ರಗಳನ್ನಿಟ್ಟ ಅಂಗಡಿಗಳಲ್ಲಿ, ಕಪ್ಪು ಪೆಟ್ಟಿಗೆಯ ಹೊಸ ಯಂತ್ರವೊಂದು ಕಾಣಿಸಿಕೊಂಡಿತು. ಹುಡುಗರು ಸಾಲುಗಟ್ಟಿ ನಿಂತರು, ಸರದಿಗಾಗಿ ಕೈಕೈ ಮಿಲಾಯಿಸಿದರು. ಆಡಿದವರಿಗೆ ವಾಂತಿ, ತಲೆನೋವು, ಮರೆವು, ರಾತ್ರಿಯೆಲ್ಲ ದುಃಸ್ವಪ್ನ. ಕಪ್ಪು ಸೂಟಿನವರು ಆಗಾಗ ಬಂದು, ಯಂತ್ರದಲ್ಲಿ ಬಿದ್ದ ಕಾಸನ್ನು ಮುಟ್ಟದೆ, ಒಳಗಿನ ಮಾಹಿತಿಯನ್ನಷ್ಟೇ ತೆಗೆದುಕೊಂಡು ಹೋಗುತ್ತಿದ್ದರು. ತಿಂಗಳೊಪ್ಪತ್ತಿನಲ್ಲಿ ಯಂತ್ರಗಳೆಲ್ಲ ಮಾಯ. ತಯಾರಕರ ಹೆಸರು ‘ಸಿನ್ನೆಸ್‌ಲೋಷೆನ್’. ಸರ್ಕಾರವೇ ಗುಟ್ಟಾಗಿ ಜನರ ಮೇಲೆ ಮಾಡಿದ ಪ್ರಯೋಗ ಇದು ಎಂಬುದು ಕತೆಯ ತಿರುಳು.

ಆ ಹೆಸರಿನ ಕಂಪನಿ ಯಾವ ದಾಖಲೆಯಲ್ಲೂ ಇಲ್ಲ. ಆಗಿನ ಕಾಲದ ಆರ್ಕೇಡ್ ಉದ್ಯಮದ ಪತ್ರಿಕೆಗಳಲ್ಲಿ ಇಂಥ ಯಂತ್ರದ ಜಾಹೀರಾತಾಗಲಿ, ಬೆಲೆಪಟ್ಟಿಯಾಗಲಿ ಕಂಡಿಲ್ಲ. ಇಡೀ ಕತೆಯ ಬೇರು ಸಿಗುವುದು ಆರ್ಕೇಡ್ ಯಂತ್ರಗಳ ವಿವರ ಪಟ್ಟಿ ಮಾಡುವ ಕಾಯಿನ್‌ಆಪ್ ಎಂಬ ಅಂತರ್ಜಾಲ ತಾಣದ ಒಂದು ನಮೂದಿನಲ್ಲಿ. ಆ ನಮೂದಿನ ಮೇಲೆ 1998ರ ಆಗಸ್ಟ್ ತಿಂಗಳ ದಿನಾಂಕವಿದೆ. ಆದರೆ ಅದು ನಿಜವಾಗಿ ಅಲ್ಲಿತ್ತು ಎನ್ನಲು ಸಾಕ್ಷ್ಯ ದೊರೆಯುವುದು 2000ನೇ ಇಸವಿಯ ಆರಂಭದಿಂದ ಮಾತ್ರ. ಆರ್ಕೇಡ್ ಹವ್ಯಾಸಿಗಳು 1990ರ ದಶಕದುದ್ದಕ್ಕೂ ಯೂಸ್‌ನೆಟ್ ಎಂಬ ಅಂತರ್ಜಾಲ ಚರ್ಚಾ ವೇದಿಕೆಯಲ್ಲಿ ಸಾವಿರಾರು ಸಂದೇಶಗಳನ್ನು ಹಂಚಿಕೊಂಡಿದ್ದಾರೆ. ಯಾವ ಯಂತ್ರದ ಯಾವ ಸ್ಕ್ರೂ ಯಾವ ಅಳತೆಯದು ಎಂಬಷ್ಟು ಸೂಕ್ಷ್ಮ ಚರ್ಚೆಗಳು ಅಲ್ಲಿವೆ. ಜನರಿಗೆ ಹುಚ್ಚು ಹಿಡಿಸಿದ ಯಂತ್ರದ ಸುದ್ದಿ ಮಾತ್ರ ಇಲ್ಲ. 19 ವರ್ಷ ಯಾರ ಬಾಯಲ್ಲೂ ಬಾರದ ಘಟನೆ ಒಮ್ಮೆಗೇ ಎಲ್ಲರಿಗೂ ನೆನಪಾಯಿತು ಎಂದರೆ ನಂಬುವುದು ಕಷ್ಟ.

ಹಾಗಿದ್ದರೂ ಈ ಕತೆ ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ಪೋರ್ಟ್‌ಲ್ಯಾಂಡ್‌ನ ಒಂದೇ ಆರ್ಕೇಡ್‌ನಲ್ಲಿ 1981ರ ನವೆಂಬರಿನ ಒಂದೇ ದಿನ ಇಬ್ಬರು ಹುಡುಗರ ಆರೋಗ್ಯ ಕೆಟ್ಟದ್ದು ನಿಜ. ಒಬ್ಬ ದಾಖಲೆ ಮುರಿಯುವ ಹಠದಲ್ಲಿ ‘ಆಸ್ಟೆರಾಯ್ಡ್ಸ್’ ಆಟವನ್ನು 28 ಗಂಟೆ ಆಡಿ ಹೊಟ್ಟೆ ಕೆಡಿಸಿಕೊಂಡ. ಇನ್ನೊಬ್ಬನಿಗೆ ‘ಟೆಂಪೆಸ್ಟ್’ ಆಡಿದ ಮೇಲೆ ಮೈಗ್ರೇನ್ ತಲೆನೋವು ಬಂತು. ಅಟಾರಿ ಕಂಪನಿಯ ಟೆಂಪೆಸ್ಟ್ ಆಗಷ್ಟೇ ಬಂದಿದ್ದ ಆಟ. ಪರದೆಯ ಮೇಲೆ ಬಣ್ಣದ ಗೆರೆಗಳ ಸುರಂಗ, ಅದರ ಅಂಚಿನಲ್ಲಿ ಓಡಾಡುತ್ತ ಗುಂಡು ಹಾರಿಸುವ ಆಟಗಾರ. ಅದರ ಮೊದಲ ಕರಡಿನಲ್ಲಿ ಆಟಗಾರ ಇದ್ದಲ್ಲೇ ಇದ್ದು, ಇಡೀ ಸುರಂಗವೇ ಗಿರ್ರೆಂದು ತಿರುಗುತ್ತಿತ್ತು. ಪರೀಕ್ಷೆಗೆಂದು ಆಡಿದವರಿಗೆ ತಲೆಸುತ್ತು ಬಂದದ್ದರಿಂದ ಸುರಂಗವನ್ನು ನಿಲ್ಲಿಸಿ ಆಟಗಾರನನ್ನು ಓಡಿಸಿದರು. ‘ಆಡಿದವರಿಗೆ ವಾಂತಿಯಾಗುತ್ತಿತ್ತಂತೆ’ ಎಂಬ ಮಾತಿನ ಹಿಂದೆ ಇಂಥ ಸಂಗತಿಗಳ ನೆರಳು ಇರಲಿಕ್ಕೆ ಸಾಕು. ಕಪ್ಪು ಸೂಟಿನವರಿಗೂ ಮೂಲವಿದೆ. ಆ ಇಬ್ಬರ ಪ್ರಕರಣ ನಡೆದ ಸುಮಾರು ಹತ್ತು ದಿನಗಳಲ್ಲಿ, ಯಂತ್ರಗಳನ್ನು ಜೂಜಿಗೆ ಬಳಸುತ್ತಿದ್ದ ಆ ಪ್ರದೇಶದ ಆರ್ಕೇಡ್‌ಗಳ ಮೇಲೆ ಕೇಂದ್ರ ಸರ್ಕಾರದ ಅಧಿಕಾರಿಗಳು ದಾಳಿ ಮಾಡಿದ್ದರು. ಅದಕ್ಕೂ ಮುಂಚೆ ಅವರು ಸದ್ದಿಲ್ಲದೆ ಬಂದು ಯಂತ್ರಗಳ ಮೇಲೆ ಕಣ್ಣಿಟ್ಟಿದ್ದರು. ಬಿಡಿ ಬಿಡಿಯಾಗಿದ್ದ ಈ ನಿಜಗಳನ್ನು ಇಪ್ಪತ್ತು ವರ್ಷಗಳ ನಂತರ ಒಂದೇ ದಾರದಲ್ಲಿ ಪೋಣಿಸಿದವರು ಯಾರೇ ಇರಲಿ, ಕೈಚಳಕದವರೇ. ಅಂದಹಾಗೆ, ಆಟಕ್ಕೆ ಹೆಸರು ಕೊಟ್ಟ ಪಾಲಿಬಿಯಸ್ ಪ್ರಾಚೀನ ಗ್ರೀಸಿನ ಚರಿತ್ರೆಕಾರ. ಕಂಡವರನ್ನು ವಿಚಾರಿಸದೆ ಚರಿತ್ರೆ ಬರೆಯಬಾರದು ಎಂದು ಪಟ್ಟು ಹಿಡಿದವನು. ಕತೆ ಕಟ್ಟಿದವರು ಓದುಗರಿಗೆ ಕಣ್ಣು ಮಿಟುಕಿಸಿಯೇ ಮುಂದುವರಿದಂತಿದೆ.

ಮುಂದೆ ಕತೆ ತನ್ನಷ್ಟಕ್ಕೆ ತಾನೇ ಬೆಳೆಯಿತು. 2003ರ ಸೆಪ್ಟೆಂಬರಿನಲ್ಲಿ ‘ಗೇಮ್‌ಪ್ರೊ’ ಮಾಸಪತ್ರಿಕೆ ವಿಡಿಯೊ ಗೇಮ್ ವದಂತಿಗಳ ಲೇಖನದಲ್ಲಿ ಇದನ್ನೂ ಸೇರಿಸಿ, ನಿಜವೋ ಸುಳ್ಳೋ ತೀರ್ಮಾನವಾಗಿಲ್ಲ ಎಂದು ಬರೆಯಿತು. ಅಂತರ್ಜಾಲದ ಒಂದು ಮೂಲೆಯಲ್ಲಿದ್ದ ಸುದ್ದಿಗೆ ಅಚ್ಚಿನ ಗೌರವ ಸಿಕ್ಕಿತು. 2006ರಲ್ಲಿ ವ್ಯಕ್ತಿಯೊಬ್ಬ ‘ಆ ಆಟ ತಯಾರಿಸಿದ ತಂಡದಲ್ಲಿ ನಾನಿದ್ದೆ’ ಎಂದು ಹೇಳಿಕೊಂಡ. ಅವನ ಮಾತಿಗೂ ಗೊತ್ತಿರುವ ಸಂಗತಿಗಳಿಗೂ ತಾಳೆಯಾಗಲಿಲ್ಲ. ಅದೇ ವರ್ಷ ‘ದಿ ಸಿಂಪ್ಸನ್ಸ್’ ಕಾರ್ಟೂನ್ ಧಾರಾವಾಹಿಯ ಒಂದು ದೃಶ್ಯದ ಹಿನ್ನೆಲೆಯಲ್ಲಿ ಸರ್ಕಾರಿ ಸ್ವತ್ತು ಎಂಬ ಬರಹವಿದ್ದ ಪಾಲಿಬಿಯಸ್ ಯಂತ್ರ ಇಣುಕಿತು. ಅಭಿಮಾನಿಗಳು ತಾವೇ ಆಟ ಬರೆದು ಪಾಲಿಬಿಯಸ್ ಎಂದು ಹೆಸರಿಟ್ಟು ಹಂಚಿದರು. ಅವುಗಳ ಚಿತ್ರಗಳು ಕಾಲಕ್ರಮೇಣ ‘ಮೂಲ ಆಟದ ಚಿತ್ರ’ ಎಂಬ ಹಣೆಪಟ್ಟಿ ಹೊತ್ತು ತಿರುಗಾಡಿದವು. ಹಳೆಯ ಆಟಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡುವ ಬ್ರಿಟನ್ನಿನ ಸ್ಟುವರ್ಟ್ ಬ್ರೌನ್ 2017ರಲ್ಲಿ ಈ ಎಳೆಗಳನ್ನೆಲ್ಲ ಬಿಡಿಸಿ, ಅದು 2000ನೇ ಇಸವಿಯ ಆಸುಪಾಸಿನಲ್ಲಿ ಕಾಯಿನ್‌ಆಪ್ ತಾಣದಲ್ಲೇ ಹುಟ್ಟಿದ ಕಲ್ಪನೆ ಎಂಬ ನಿರ್ಣಯಕ್ಕೆ ಬಂದರು. ನಂಬುವವರು ಈಗಲೂ ಇದ್ದಾರೆ. ಯಂತ್ರ ಸಿಗದಿರುವುದೇ ಸರ್ಕಾರ ಅದನ್ನು ಮುಚ್ಚಿಟ್ಟದ್ದಕ್ಕೆ ಪುರಾವೆ ಎನ್ನುವವರ ಜೊತೆ ವಾದ ಮಾಡಿ ಗೆದ್ದವರಿಲ್ಲ.

ಎಲ್ಲ ಹುಸಿಗಳೂ ಇಷ್ಟು ದೊಡ್ಡವಲ್ಲ. ಹೆಚ್ಚಿನವು ನಿಜವಾದ ಕಳೆದ ಆಟವೊಂದರ ಬೆನ್ನೇರಿ ಬರುತ್ತವೆ. ಜಪಾನಿನ ಸೆಟಾ ಕಂಪನಿ 1990ರ ದಶಕದ ಆರಂಭದಲ್ಲಿ ನಿಂಟೆಂಡೊ ಯಂತ್ರಕ್ಕಾಗಿ ‘ಬಯೊ ಫೋರ್ಸ್ ಏಪ್’ ಎಂಬ ಆಟ ತಯಾರಿಸುತ್ತಿತ್ತು. ಕುಸ್ತಿಪಟುವಿನ ಮೈಕಟ್ಟಿನ ವಾನರ ಅದರ ನಾಯಕ. ಪತ್ರಿಕೆಗಳಲ್ಲಿ ಮುನ್ನೋಟವೂ ಬಂದಿತ್ತು, ಆಟ ಮಾತ್ರ ಬರಲಿಲ್ಲ. 2005ರಲ್ಲಿ ಸಂಗ್ರಾಹಕರ ವಲಯದಲ್ಲಿ ಒಬ್ಬಾತ ತನ್ನ ಬಳಿ ಅದರ ಕಾರ್ಟ್ರಿಜ್, ಎಂದರೆ ಯಂತ್ರಕ್ಕೆ ಸಿಕ್ಕಿಸುವ ಆಟದ ಡಬ್ಬಿ, ಇದೆ ಎಂದು ಸಾರಿ, ಪರದೆಯ ಚಿತ್ರಗಳನ್ನೂ ತೋರಿಸಿದ. ಕೆಲಕಾಲ ಗದ್ದಲವೋ ಗದ್ದಲ. ಚಿತ್ರಗಳು ಕಂಪ್ಯೂಟರಿನಲ್ಲಿ ಬಿಡಿಸಿದವು ಎಂಬುದು ಆಮೇಲೆ ಬಯಲಾಯಿತು. ತಮಾಷೆಯೆಂದರೆ 2010ರಲ್ಲಿ ಜಪಾನಿನ ಹರಾಜೊಂದರಲ್ಲಿ ಅಸಲಿ ಮಾದರಿ ಕಾರ್ಟ್ರಿಜ್ಜೇ ಬಂತು. ಸಂಗ್ರಾಹಕರು ಅದನ್ನು ಕೊಂಡು, ಒಳಗಿನ ಪ್ರೋಗ್ರಾಮನ್ನು ಎಲ್ಲರಿಗೂ ಸಿಗುವಂತೆ ಹಂಚಿದರು. ಒಮ್ಮೆ ಮೋಸಹೋದ ಮಂದಿ ಎರಡನೆಯ ಸಲ ಅನುಮಾನದಿಂದ ನೋಡಿದ್ದರೆ ತಪ್ಪಿಲ್ಲ.

ಅಸಲಿ ನಕಲಿಗಳನ್ನು ತಿಳಿಯುವ ದಾರಿಗಳು ಸ್ವಾರಸ್ಯಕರವಾಗಿವೆ. ಹಳೆಯ ಯಂತ್ರಗಳ ಬಡತನವೇ ಇಲ್ಲಿ ದೊಡ್ಡ ಸಹಾಯ. ಬ್ರಿಟನ್ನಿನಲ್ಲಿ 1982ರಲ್ಲಿ ಬಂದ ಸಿಂಕ್ಲೇರ್ ಕಂಪನಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರಿನ ಪರದೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕೆಗಳು. ಇಡೀ ಪರದೆ 8×8 ಚುಕ್ಕೆಗಳ ಪುಟ್ಟ ಚೌಕಗಳಾಗಿ ಹಂಚಿಹೋಗಿದೆ. ಸಾಮಾನ್ಯವಾಗಿ ಒಂದು ಚೌಕದಲ್ಲಿ ಎರಡೇ ಬಣ್ಣ ಇರಲು ಸಾಧ್ಯ, ಒಂದು ಹಿನ್ನೆಲೆಗೆ, ಒಂದು ಚಿತ್ರಕ್ಕೆ. ಕೆಂಪು ಅಂಗಿಯ ನಾಯಕ ಹಸಿರು ಮರದ ಮುಂದೆ ಹಾದುಹೋದರೆ ಮರವೂ ಕೆಂಪಾಗುವುದು, ಇಲ್ಲವೇ ಅಂಗಿ ಹಸಿರಾಗುವುದು ಈ ಯಂತ್ರದ ಹುಟ್ಟುಗುಣ. ‘ಕಳೆದುಹೋದ ಸ್ಪೆಕ್ಟ್ರಮ್ ಆಟ’ ಎಂದು ಯಾರಾದರೂ ಚಿತ್ರ ತೋರಿಸಿದರೆ, ಬಲ್ಲವರು ಅದನ್ನು ದೊಡ್ಡದು ಮಾಡಿ ಚೌಕಗಳನ್ನು ಎಣಿಸುತ್ತಾರೆ. ಒಂದೇ ಚೌಕದಲ್ಲಿ ಮೂರನೆಯ ಬಣ್ಣ ಕಂಡರೆ ಸಾಕು, ಆ ಚಿತ್ರದ ಮೇಲೆ ಸಂಶಯ ಗಟ್ಟಿಯಾಗುತ್ತದೆ. ಅಟಾರಿ 2600 ಯಂತ್ರದ ಸ್ಥಿತಿ ಇನ್ನೂ ಬಿಗಿ. ಅದರೊಳಗಿನ ಮೆಮೊರಿ ಬರೀ 128 ಬೈಟ್. ಇದೇ ಪ್ಯಾರಾದ ಒಂದು ವಾಕ್ಯವೂ ಅದರಲ್ಲಿ ಹಿಡಿಸುವುದು ಕಷ್ಟ.

ಕಾರ್ಟ್ರಿಜ್ಜೇ ಕೈಗೆ ಬಂದರೆ ಪರೀಕ್ಷೆ ಬೇರೆ. ಮಾದರಿ ಕಾರ್ಟ್ರಿಜ್‌ಗಳಲ್ಲಿ ಸಾಮಾನ್ಯವಾಗಿ ಅಳಿಸಿ ಬರೆಯಬಹುದಾದ ಚಿಪ್ ಇರುತ್ತದೆ. ಅದರ ನೆತ್ತಿಯ ಮೇಲೆ ಸಣ್ಣ ಗಾಜಿನ ಕಿಟಕಿ. ಆ ಕಿಟಕಿಯಿಂದ ನೇರಳಾತೀತ ಬೆಳಕು ಬಿಟ್ಟರೆ ಒಳಗಿನದು ಅಳಿಸಿಹೋಗುತ್ತದೆ, ಮತ್ತೆ ಬೇರೆ ಪ್ರೋಗ್ರಾಮ್ ಬರೆಯಬಹುದು. ಚಿಪ್ಪಿನ ಬೆನ್ನ ಮೇಲೆ ಸಾಮಾನ್ಯವಾಗಿ ನಾಲ್ಕಂಕಿಯ ಮುದ್ರೆ ಇರುತ್ತದೆ. 8332 ಎಂದಿದ್ದರೆ 1983ನೇ ಇಸವಿಯ 32ನೇ ವಾರದಲ್ಲಿ ತಯಾರಾದದ್ದು. 1982ರ ಮಾದರಿ ಎಂದು ಮಾರುತ್ತಿರುವ ಕಾರ್ಟ್ರಿಜ್ಜಿನಲ್ಲಿ ಆ ಚಿಪ್ ಕಂಡರೆ ಮಾರುವವನ ಬಣ್ಣ ಬಯಲು. ಆದರೆ ಮುದ್ರೆ ಹಳೆಯದಾಗಿದ್ದ ಮಾತ್ರಕ್ಕೆ ಆಟ ಅಸಲಿ ಎನ್ನುವಂತಿಲ್ಲ, ಏಕೆಂದರೆ ಹಳೆಯ ಚಿಪ್‌ಗಳನ್ನು ತಂದು, ಅಳಿಸಿ, ಹೊಸದಾಗಿ ಬರೆಯುವುದು ಗೊತ್ತಿದ್ದವರಿಗೆ ಸಲೀಸು. ಹಾಗಾಗಿ ಕೊನೆಯ ಮಾತು ಒಳಗಿನ ಪ್ರೋಗ್ರಾಮಿನದು. ಅದನ್ನು ಪೂರ್ತಿಯಾಗಿ ಓದಿ ನಕಲು ತೆಗೆಯುವುದಕ್ಕೆ ಈ ಬಳಗದಲ್ಲಿ ‘ಡಂಪ್’ ಮಾಡುವುದು ಎನ್ನುತ್ತಾರೆ. ಡಂಪ್ ಕೊಡಲು ಒಪ್ಪದೆ ಫೋಟೊಗಳನ್ನು ಮಾತ್ರ ತೋರಿಸುವವರನ್ನು ನಂಬುವುದಿಲ್ಲ. ಈ ನಿಯಮದಲ್ಲೂ ಒಂದು ಪೇಚಿದೆ. ನಕಲು ಎಲ್ಲರ ಕೈಗೂ ಬಂದರೆ ತನ್ನ ಕಾರ್ಟ್ರಿಜ್ಜಿನ ಬೆಲೆ ಇಳಿಯುತ್ತದೆಂದು ಹೆದರಿ ಮುಚ್ಚಿಟ್ಟುಕೊಳ್ಳುವ ಪ್ರಾಮಾಣಿಕ ಸಂಗ್ರಾಹಕರೂ ಇದ್ದಾರೆ. ಹೊರಗಿನಿಂದ ನೋಡಿದರೆ ಅವರಿಗೂ ವಂಚಕರಿಗೂ ವ್ಯತ್ಯಾಸ ಕಾಣುವುದಿಲ್ಲ.

ಮೋಸದ ಉದ್ದೇಶವೇ ಇಲ್ಲದೆ ಹುಸಿಯಾದವು ಇನ್ನೊಂದು ಬಗೆ. ‘ಕಿಲ್‌ಸ್ವಿಚ್’ ಎಂಬ ಸೋವಿಯತ್ ಕಾಲದ ಆಟವೊಂದಿತ್ತು, ಆಡಿ ಮುಗಿಸಿದೊಡನೆ ಅದು ತನ್ನನ್ನು ತಾನೇ ಅಳಿಸಿಕೊಳ್ಳುತ್ತಿತ್ತು ಎಂಬ ಕತೆಯನ್ನು ಅಮೆರಿಕದ ಲೇಖಕಿ ಕ್ಯಾಥರಿನ್ ಎಂ. ವ್ಯಾಲೆಂಟೆ ಬರೆದರು, ಬರೆದದ್ದು ಕತೆಯೆಂದೇ. ಓದಿದವರು ಲೇಖಕಿಯ ಹೆಸರು ಬಿಟ್ಟು ಅಲ್ಲಿ ಇಲ್ಲಿ ಹಂಚಿದರು. ಕೆಲವು ವರ್ಷಗಳಲ್ಲಿ ಕಿಲ್‌ಸ್ವಿಚ್ ಪ್ರತಿಗಾಗಿ ಹುಡುಕುವವರು ಹುಟ್ಟಿಕೊಂಡರು. 2017ರಲ್ಲಿ ಶುರುವಾದ ‘ಪೆಟ್ಸ್‌ಕಾಪ್’ ವಿಡಿಯೊ ಸರಣಿಯಲ್ಲಿ, ಅರ್ಧಕ್ಕೆ ನಿಂತ ಹಳೆಯ ಪ್ಲೇಸ್ಟೇಷನ್ ಆಟವೊಂದನ್ನು ಯಾರೋ ಆಡುತ್ತ ವಿವರಿಸುತ್ತಾರೆ. ಬಣ್ಣ, ಸಂಗೀತ ಎಲ್ಲವೂ 1990ರ ದಶಕದ ಆಟದಂತೆಯೇ. 2019ರಲ್ಲಿ ಟೋನಿ ಡೊಮೆನಿಕೊ ಎಂಬವರು ಅದು ತಮ್ಮ ಸೃಷ್ಟಿ ಎಂದು ತಿಳಿಸಿದರು. ಇಂಥವುಗಳನ್ನು ವಂಚನೆ ಎನ್ನುವುದು ಅನ್ಯಾಯ. ಕಳೆದ ಆಟದ ಹುಡುಕಾಟವನ್ನೇ ವಸ್ತುವಾಗಿಸಿಕೊಂಡ ಕಥನ ಕಲೆ ಇದು.

ಅನುಮಾನವೇ ಸೋತ ಪ್ರಸಂಗಗಳೂ ಇವೆ. ಅಟಾರಿ 1982ರ ಕ್ರಿಸ್‌ಮಸ್ ವ್ಯಾಪಾರಕ್ಕೆಂದು ಹಾವರ್ಡ್ ಸ್ಕಾಟ್ ವಾರ್ಷಾ ಅವರಿಂದ ಸುಮಾರು ಐದೇ ವಾರಗಳಲ್ಲಿ ಬರೆಸಿದ ‘ಇ.ಟಿ.’ ಆಟ ನೆಲಕಚ್ಚಿತು. ಮಾರಾಟವಾಗದ ಕಾರ್ಟ್ರಿಜ್‌ಗಳನ್ನು 1983ರ ಸೆಪ್ಟೆಂಬರಿನಲ್ಲಿ ಲಾರಿಗಟ್ಟಲೆ ಒಯ್ದು ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗಾರ್ಡೊ ಊರಿನ ಕಸದ ಗುಂಡಿಯಲ್ಲಿ ಹೂಳಲಾಯಿತು. ಆಗಲೇ ಪತ್ರಿಕೆಗಳಲ್ಲಿ ವರದಿಯಾಗಿದ್ದರೂ, ವರ್ಷಗಳು ಉರುಳಿದಂತೆ ಅದೊಂದು ದಂತಕತೆ ಎಂಬ ಭಾವನೆ ಬೆಳೆಯಿತು. ವಾರ್ಷಾ ಅವರಿಗೇ ಅದರಲ್ಲಿ ನಂಬಿಕೆ ಇರಲಿಲ್ಲ. 2014ರ ಏಪ್ರಿಲ್ 26ರಂದು ಸಾಕ್ಷ್ಯಚಿತ್ರವೊಂದಕ್ಕಾಗಿ ಜೆಸಿಬಿಯಂಥ ಯಂತ್ರಗಳಿಂದ ಅಗೆದಾಗ, ಕಸದ ನಡುವೆ ಜಜ್ಜಿಹೋದ ಪೆಟ್ಟಿಗೆಗಳು ಮೇಲೆ ಬಂದವು. ಸುಮಾರು 1,300 ಕಾರ್ಟ್ರಿಜ್‌ಗಳನ್ನು ಹೊರತೆಗೆದರು. ‘ಲಕ್ಷಾಂತರ ಇ.ಟಿ. ಪ್ರತಿಗಳು’ ಎಂಬ ಜನಜನಿತ ಮಾತು ಮಾತ್ರ ಉತ್ಪ್ರೇಕ್ಷೆಯಾಗಿತ್ತು. ಅಲ್ಲಿ ಅಟಾರಿಯ ಬೇರೆ ಬೇರೆ ಆಟಗಳು ಕಲಸಿಹೋಗಿದ್ದವು.

2015ರಲ್ಲಿ ಸೋನಿ ಮತ್ತು ನಿಂಟೆಂಡೊ ಎರಡೂ ಹೆಸರಿದ್ದ ಆಟದ ಯಂತ್ರವೊಂದರ ಫೋಟೊಗಳು ಬಂದಾಗಲೂ ಹಲವರು ನಕ್ಕರು. ಎರಡು ಕಂಪನಿಗಳು ಸೇರಿ ಯಂತ್ರ ಮಾಡಲು ಹೊರಟು, 1990ರ ದಶಕದ ಆರಂಭದಲ್ಲಿ ಮುನಿಸಿಕೊಂಡು ಬೇರೆಯಾದದ್ದು ಗೊತ್ತಿತ್ತು, ಯಂತ್ರ ಉಳಿದಿದೆ ಎಂದು ಗೊತ್ತಿರಲಿಲ್ಲ. ಬಿಚ್ಚಿ ನೋಡಿದವರು ಅಸಲಿ ಎಂದರು. 2020ರಲ್ಲಿ ಅದು 3,60,000 ಡಾಲರಿಗೆ ಹರಾಜಾಯಿತು. ಅಟಾರಿ 1982ರಲ್ಲಿ ತಯಾರಿಸಿ ಕೈಬಿಟ್ಟ ‘ಅಕ್ಕಾ ಆರ್’ ಆರ್ಕೇಡ್ ಆಟದ್ದು ಮತ್ತೊಂದು ಬಗೆ. ಮೂರೇ ಯಂತ್ರಗಳು ಉಳಿದಿದ್ದವು, ಮೂರೂ ಖಾಸಗಿಯವರ ಕೈಯಲ್ಲಿ. 2019ರಲ್ಲಿ ಅದರ ಡಂಪ್ ಅನಾಮಧೇಯವಾಗಿ ಅಂತರ್ಜಾಲದಲ್ಲಿ ಬಂದು ಬಿತ್ತು. ಯಾರು ತೆಗೆದರು, ಮಾಲೀಕರಿಗೆ ತಿಳಿದಿತ್ತೇ ಎಂಬ ಜಗಳ ಬಹಳ ದಿನ ನಡೆಯಿತು. 2022ರಲ್ಲಿ ಅಟಾರಿಯೇ ತನ್ನ ಐವತ್ತನೇ ವರ್ಷದ ಸಂಕಲನದಲ್ಲಿ ಅದನ್ನು ಅಧಿಕೃತವಾಗಿ ಸೇರಿಸಿತು.