ಓಡಲು ಎಡೆಯಿಲ್ಲದ ನೀರು

ಲೈಟು ಹಾಕಿದೊಡನೆ ಮೊದಲು ಈಚೆ ಬರುವುದು ಹಳದಿ ಗಂಡು. ಎಡಮೂಲೆಯ ದೊಡ್ಡ ಕಲ್ಲಿನ ಬುಡದಲ್ಲಿ ಅದು ತಾನೇ ತೋಡಿಕೊಂಡ ಗುಳಿಯೊಂದಿದೆ. ರಾತ್ರಿ ಜರಿದ ಮರಳನ್ನು ಬಾಯ್ತುಂಬ ಎತ್ತಿ ತಂದು ಅಂಚಿನಲ್ಲಿ ಉಗುಳುತ್ತದೆ, ಒಳಗೆ ಹೋಗುತ್ತದೆ, ಮತ್ತೆ ಬಾಯ್ತುಂಬ ತರುತ್ತದೆ. ಅಷ್ಟರಲ್ಲಿ ನಡುಗಲ್ಲಿನ ಮರೆಯಿಂದ ಇನ್ನೊಂದು ಮೀನು ತಲೆ ಹಾಕುತ್ತದೆ. ಮೈಯೆಲ್ಲ ಇನ್ನೂ ತಿಳಿನೀಲಿ, ಹೊಟ್ಟೆಯ ಹತ್ತಿರ ಮಾತ್ರ ಹಳದಿ ಮೂಡುತ್ತಿದೆ. ಪ್ರಾಯಕ್ಕೆ ಬರುತ್ತಿರುವ ಗಂಡು. ಅಷ್ಟು ಬಣ್ಣ ಸಾಕು. ದೊಡ್ಡದರ ಬಾಯಿಂದ ಮರಳು ಅಲ್ಲೇ ಬಿತ್ತು. ಬೆನ್ನಿನ ರೆಕ್ಕೆ ಸೆಟೆಯಿತು, ಕಿವಿರು ಅರಳಿತು, ಎರಡೂ ಅಡ್ಡಡ್ಡ ನಿಂತು ಮೈ ನಡುಗಿಸಿದವು. ಮರುಕ್ಷಣ ಬಾಯಿಗೆ ಬಾಯಿ ಕಚ್ಚಿಕೊಂಡು ಎಳೆದಾಟ. ಕಳಚಿಕೊಂಡ ಎಳೆಯದು ಹೀಟರಿನ ಹಿಂದಕ್ಕೆ ಓಡಿ, ಮೂತಿಯನ್ನು ನೀರಿನ ಮೇಲ್ಮೈಗೆ ತಾಗಿಸಿ, ರೆಕ್ಕೆ ಮಡಚಿ ನಿಂತುಬಿಟ್ಟಿತು. ನೀಲಿ ಬೂದುಬಣ್ಣಕ್ಕೆ ತಿರುಗಿದೆ. ಬಾಲದ ತುದಿ ಹರಿದಿದೆ.

ಇದು ಬೆಂಗಳೂರಿನ ರಾಜಾಜಿನಗರದಲ್ಲಿ ನಮ್ಮ ಭಾವನ ಮನೆಯ ಹಜಾರ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿ. ಸುಮಾರು 250 ಲೀಟರ್ ನೀರು ಹಿಡಿಯುತ್ತದೆ. ಒಳಗಿರುವವು ಸಿಕ್ಲಿಡ್ ಮೀನುಗಳು, ಅಂಗಡಿಯ ಹೆಸರು ಕೆನ್ಯಿ. ತವರು ಆಫ್ರಿಕದ ಮಲಾವಿ ಸರೋವರ. 550 ಕಿಲೋಮೀಟರಿಗೂ ಉದ್ದವಾದ, 700 ಮೀಟರ್ ಆಳ ಮುಟ್ಟುವ ಆ ನೀರಿನಲ್ಲಿ ಇವು ನೆಲೆಸಿರುವುದು ಬಂಡೆಗಳ ಆಸುಪಾಸಿನಲ್ಲಿ ಮಾತ್ರ. ಇಂಥ ಬಂಡೆವಾಸಿ ಮೀನುಗಳಿಗೆ ಅಲ್ಲಿ ಎಂಬೂನಾ ಎನ್ನುತ್ತಾರೆ. ಬಂಡೆಗಂಟಿದ ಪಾಚಿ ಇವುಗಳ ಊಟ, ಬಂಡೆಯ ಸಂದು ಇವುಗಳ ಮನೆ. ಅದನ್ನು ಕಾಯುವುದೇ ಗಂಡಿನ ದಿನಚರಿ. ನೀರಿನ ಮಟ್ಟಿಗೆ ಭಾವನಿಗೆ ಚಿಂತೆಯಿಲ್ಲ. ಮಲಾವಿಯ ನೀರು ಕ್ಷಾರದ ಕಡೆಗಿದ್ದು ಪಿಎಚ್ 8ರ ಸುತ್ತಮುತ್ತ ಇರುತ್ತದೆ. ಬಕೆಟ್ಟಿಗೆ ಬಿಳಿ ಕರೆ ಹಿಡಿಸುವ ನಮ್ಮ ಬೋರ್‌ವೆಲ್ ನೀರು ಇವಕ್ಕೆ ಚೆನ್ನಾಗಿ ಒಗ್ಗುತ್ತದೆ.

‘ಸಿಟ್ಟಿನ ಮೀನು ಸಾರ್’ ಎಂದು ಅಂಗಡಿಯವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ನನಗೆ ಆ ಮಾತು ಅರ್ಧ ಸತ್ಯವೆನಿಸುತ್ತದೆ. ಸರೋವರದಲ್ಲೂ ಇವು ಕಾದಾಡುತ್ತವೆ. ಆದರೆ ಸೋತದ್ದು ಆಚೆ ಬಂಡೆಗೆ ಹೊರಟುಹೋದರೆ ಅಲ್ಲಿಗೆ ಜಗಳ ಮುಗಿಯಿತು. ಗಾಜಿನೊಳಗೆ ಆಚೆ ಬಂಡೆ ಎಂಬುದೇ ಇಲ್ಲ. ಎಷ್ಟು ಓಡಿದರೂ ಗೆದ್ದದ್ದರ ಕಣ್ಣಳತೆಯಲ್ಲೇ ಇರಬೇಕು. ಒಂದೆರಡು ದಿನ ಹೀಗೆ ಅಟ್ಟಿಸಿಕೊಂಡ ಮೀನು ಊಟ ಬಿಡುತ್ತದೆ, ಆಮೇಲೆ ಪ್ರಾಣ ಬಿಡುತ್ತದೆ.

ಭಾನುವಾರ ಭಾವ ಪಂಚೆ ಎತ್ತಿ ಕಟ್ಟಿ, ಮೊಣಕೈವರೆಗೂ ತೊಟ್ಟಿಯೊಳಗೆ ಕೈ ಇಳಿಸಿದರು. ಹರಿದ ಬಾಲದ ಮರಿಗಂಡನ್ನು ಬಲೆಯಲ್ಲಿ ಹಿಡಿದು ಬೇರೆ ಡಬ್ಬಕ್ಕೆ ಬಿಟ್ಟದ್ದು ಮೊದಲ ಕೆಲಸ. ಆಮೇಲೆ ಕಲ್ಲುಗಳನ್ನು ಒಂದೊಂದಾಗಿ ಎತ್ತಿದರು. ನೀರು ಕದಡಿ ಚಹಾದ ಬಣ್ಣವಾಯಿತು. ‘ನೋಡಪ್ಪ, ಮೊದಲು ತಳಕ್ಕೆ ಕಲ್ಲು ಕೂರಿಸಬೇಕು, ಆಮೇಲೆ ಮರಳು. ಮರಳಿನ ಮೇಲೆ ಕಲ್ಲಿಟ್ಟರೆ ಇವು ಬುಡ ಬಗೆದು ಗುಡ್ಡೇನೇ ಬೀಳಿಸಿಬಿಡ್ತವೆ’ ಎಂದರು. ನಡುವೆ ಗೋಡೆಯಂತೆ ಕಲ್ಲು ಪೇರಿಸಿದ್ದು ಚೆಂದಕ್ಕಲ್ಲ, ಎಡಬದಿಯ ಮೀನಿಗೆ ಬಲಬದಿ ಕಾಣದಿರಲೆಂದು. ಪ್ರತಿ ಸಂದಿಗೂ ಎರಡು ಬಾಯಿ ಇರುವಂತೆ ನೋಡಿಕೊಂಡರು. ಒಂದೇ ಬಾಯಿಯ ಗುಹೆ ಹೊಕ್ಕ ಮೀನು ಒಳಗೆ ಸಿಕ್ಕಿಬೀಳುತ್ತದೆ.

ರಾತ್ರಿ ಲೈಟು ಆರಿಸಿದ ಮೇಲೆ ಹೊಸದಾಗಿ ತಂದ ನಾಲ್ಕು ಹೆಣ್ಣುಗಳನ್ನು ಬಿಟ್ಟರು. ಗಂಡೊಂದಕ್ಕೆ ಕನಿಷ್ಠ ಮೂರು ಹೆಣ್ಣು ಬೇಕು. ಇಲ್ಲದಿದ್ದರೆ ಇರುವ ಒಂದನ್ನೇ ಗಂಡು ಅಟ್ಟಿ ಅಟ್ಟಿ ಸುಸ್ತು ಮಾಡುತ್ತದೆ. ಬೆಳಿಗ್ಗೆ ಹಳದಿ ಗಂಡು ಈಚೆ ಬಂದಾಗ ಅದರ ಗುಳಿ ಇರಲಿಲ್ಲ, ಕಲ್ಲು ಇರಲಿಲ್ಲ. ಹೊಸ ಬಡಾವಣೆಗೆ ಒಕ್ಕಲು ಬಂದವರ ಹಾಗೆ ಎಲ್ಲವೂ ಜಾಗ ಹುಡುಕುವುದರಲ್ಲೇ ಇದ್ದವು. ಹೊಸಬರನ್ನು ಹೊಡೆಯಲು ಯಾವುದಕ್ಕೂ ಬಿಡುವಿರಲಿಲ್ಲ.

ಬಲಗಡೆಯ ಕುಂಡದ ಚೂರಿನ ಕೆಳಗೆ ಹಳೆಯ ಹೆಣ್ಣೊಂದು ನಿಂತಿತ್ತು. ಗದ್ದ ಉಬ್ಬಿ, ಬಾಯಿ ಅರೆಮುಚ್ಚಿ, ಏನನ್ನೋ ಮೆಲುಕು ಹಾಕುವಂತೆ ದವಡೆ ಆಡಿಸುತ್ತಿತ್ತು. ಬಾಯೊಳಗೆ ಮೊಟ್ಟೆ. ಸುಮಾರು ಮೂರು ವಾರ, ಹೆಚ್ಚುಕಡಿಮೆ ಉಪವಾಸವಿದ್ದು, ಮರಿಗಳನ್ನು ಅಲ್ಲೇ ಕಾಯುತ್ತದೆ. ಇಂಥದ್ದಕ್ಕೆ ಅಡಗುವ ಸಂದಿಲ್ಲದ ತೊಟ್ಟಿ ನನ್ನ ಕಣ್ಣಿಗೆ ಕ್ರೌರ್ಯವೇ.

ಮೀನು ಹೆಚ್ಚಿಸಿದರೆ ಜಗಳ ತಗ್ಗುತ್ತದೆಂಬುದು ಮೊದಲು ವಿಚಿತ್ರವೆನಿಸಬಹುದು. ಒಂದೇ ಮೀನಿನ ಮೇಲೆ ಬೀಳುವ ಏಟು ಹತ್ತಾರು ಮೀನುಗಳಿಗೆ ಹಂಚಿಹೋಗುತ್ತದೆ, ಅಷ್ಟೇ. ಆಸ್ಟ್ರಿಯದ ಪ್ರಾಣಿವರ್ತನೆ ವಿಜ್ಞಾನಿ, 1973ರಲ್ಲಿ ನೊಬೆಲ್ ಪಡೆದ ಕೊನ್ರಾಡ್ ಲೊರೆನ್ಜ್ ಇದರ ಇನ್ನೊಂದು ಮುಖ ಕಂಡಿದ್ದರು. ನಡುವೆ ಗಾಜಿಟ್ಟು ಎರಡು ಸಿಕ್ಲಿಡ್ ಜೋಡಿಗಳನ್ನು ಅಕ್ಕಪಕ್ಕ ಸಾಕಿದರೆ ಗಂಡುಗಳು ಪರಸ್ಪರ ಕೆರಳುತ್ತ, ತಮ್ಮ ಹೆಣ್ಣಿನೊಂದಿಗೆ ಚೆನ್ನಾಗಿರುತ್ತಿದ್ದವು. ಗಾಜಿಗೆ ಪಾಚಿ ಕಟ್ಟಿ ನೆರೆಯ ಗಂಡು ಮಸುಕಾದಾಗ ಸಿಟ್ಟು ಹೆಣ್ಣಿನ ಮೇಲೆ ತಿರುಗುತ್ತಿತ್ತು. ಗಾಜು ಒರೆಸಿದರೆ ಸಂಸಾರ ಮತ್ತೆ ಸರಿ. ಎಂಬೂನಾಗಳು ಜೋಡಿ ಕಟ್ಟುವುದಿಲ್ಲ, ಆದರೂ ಸಿಟ್ಟು ಎಲ್ಲಾದರೂ ಹರಿಯಲೇಬೇಕೆಂಬ ಲೆಕ್ಕ ಇಲ್ಲಿಗೂ ಹೊಂದುತ್ತದೆ. ಆದರೆ ಮೀನು ಹೆಚ್ಚಿದಂತೆ ಗಲೀಜೂ ಹೆಚ್ಚುತ್ತದೆ. ಗಟ್ಟಿ ಫಿಲ್ಟರ್ ಮತ್ತು ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸುವ ಶಿಸ್ತು ಇಲ್ಲದವರು ಈ ದಾರಿ ಹಿಡಿಯಲೇಬಾರದು.

ಡಬ್ಬದಲ್ಲಿದ್ದ ಮರಿಗಂಡಿನ ಬಾಲ ಚಿಗುರುತ್ತಿತ್ತು. ವಾಪಸು ಬಿಡಲು ಭಾವ ಒಪ್ಪಲಿಲ್ಲ. ‘ನಾಲ್ಕಡಿಗೆ ಈ ಜಾತಿಯದು ಒಂದೇ ಗಂಡು’ ಎಂದು ತಂದ ಅಂಗಡಿಗೇ ಕೊಟ್ಟುಬಂದರು. ಅದು ಸರಿಯಾದ ದಾರಿ. ಹೊಡೆದಾಡುವ ಮೀನನ್ನು ಪುಣ್ಯದ ಕೆಲಸವೆಂದು ಹತ್ತಿರದ ಕೆರೆಗೆ ಬಿಡುವವರಿದ್ದಾರೆ. ನಮ್ಮ ಕೆರೆಗಳನ್ನು ತುಂಬಿಕೊಂಡಿರುವ ಜಿಲೇಬಿ ಮೀನು, ಅಂದರೆ 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯ, ಇದೇ ಸಿಕ್ಲಿಡ್ ಕುಟುಂಬದ್ದು. ಊರಿನ ಮೀನುಗಳ ನೆಲೆಯನ್ನು ಅದು ಹೇಗೆ ಕಿತ್ತುಕೊಂಡಿತೆಂದು ಬಲೆ ಬೀಸುವವರನ್ನು ಕೇಳಬೇಕು. ದಕ್ಷಿಣ ಕನ್ನಡದ ನೇತ್ರಾವತಿ, ಕುಮಾರಧಾರಾ ಹೊಳೆಗಳಲ್ಲಿ ನಮ್ಮದೇ ಸಿಕ್ಲಿಡ್ ಒಂದಿದೆ, ಕಪ್ಪು ಪಟ್ಟೆಯ ಮೇಲೆ ಮುತ್ತಿನ ಚುಕ್ಕಿಗಳ ಎಟ್ರೋಪ್ಲಸ್ ಕೆನರೆನ್ಸಿಸ್. ಅದು ಈಗಾಗಲೇ ಅಳಿವಿನಂಚಿನ ಪಟ್ಟಿಯಲ್ಲಿದೆ. ತೊಟ್ಟಿಗೆ ಹೆಚ್ಚಾದ ಮೀನನ್ನು ಅಂಗಡಿಗೆ ಹಿಂತಿರುಗಿಸಿ, ಸಾಕುವ ಇನ್ನೊಬ್ಬರಿಗೆ ಕೊಡಿ. ಕೆರೆಗೂ ಹೊಳೆಗೂ ಬಿಡಬೇಡಿ.