ಕುಳಿತುಕೊಳ್ಳಲೂ ಒಂದು ಕಾನೂನು!

ಜವಳಿ ಅಂಗಡಿಗೆ ಹೋದರೆ ಗಿರಾಕಿಗೆ ಮೆತ್ತನೆಯ ಕುರ್ಚಿ ಸಿಗುತ್ತದೆ. ಎದುರಿಗೆ ನಿಂತು ಒಂದರ ಮೇಲೊಂದು ಸೀರೆ ಬಿಚ್ಚಿ ಹರವುವ ಹುಡುಗಿಗೆ? ಪಕ್ಕದ ಕೇರಳದಲ್ಲಿ 2018ರವರೆಗೆ ಅಂಗಡಿ ಕಾನೂನು ಆಕೆಗೆ ಕುಳಿತುಕೊಳ್ಳುವ ಹಕ್ಕನ್ನೇ ಕೊಟ್ಟಿರಲಿಲ್ಲ. ಗಿರಾಕಿಗಳಿಲ್ಲದ ಮಧ್ಯಾಹ್ನವೂ ನಿಂತೇ ಇರಬೇಕು. ಗೋಡೆಗೆ ಒರಗಿದ್ದಕ್ಕೆ ಸಂಬಳ ಕಡಿತವಾದದ್ದೂ ಉಂಟು.

ಹಾಗೆಂದು ಅಂಗಡಿಗಳನ್ನು ತಪಾಸಣೆ ಮಾಡುವವರು ಇರಲಿಲ್ಲವೆಂದಲ್ಲ. ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರಿಗೆ ಒಳಗೆ ಹೋಗಿ ರಿಜಿಸ್ಟರ್ ತೆರೆಸುವ ಅಧಿಕಾರವಿತ್ತು. ಆದರೆ ಅವರು ನೋಡಬೇಕಾದದ್ದು 1960ರ ಕಾಯ್ದೆಯಲ್ಲಿ ಬರೆದದ್ದನ್ನು ಮಾತ್ರ: ದುಡಿಮೆಯ ಗಂಟೆ, ಬಿಡುವು, ವಾರದ ರಜೆ. ಕುರ್ಚಿಯ ಮಾತೇ ಅದರಲ್ಲಿರಲಿಲ್ಲ. ಇಲ್ಲದ ನಿಯಮವನ್ನು ಮುರಿದರೆಂದು ಯಾರ ಮೇಲೆ ಕೇಸು ಹಾಕುವುದು?

ಕಾಯ್ದೆ ಬರೆದವರಿಗೆ ಅದು ಹೊಳೆಯದಿದ್ದುದಕ್ಕೆ ಕಾರಣವೂ ಇದ್ದೀತು. ಹಳೆಯ ಜವಳಿ ಅಂಗಡಿಗಳಲ್ಲಿ ಬಿಳಿಯ ಗಾದಿ ಹಾಸಿ, ಮಾರುವವರೂ ಕೊಳ್ಳುವವರೂ ಕುಳಿತೇ ವ್ಯವಹರಿಸುತ್ತಿದ್ದರು. ನಾಲ್ಕು ಮಹಡಿಯ ಮಳಿಗೆಗಳು ಬಂದವು, ಗಾದಿ ಹೋಯಿತು. ಕಾಯ್ದೆ ಮಾತ್ರ ಇದ್ದಲ್ಲೇ ಇತ್ತು. ಆದರೂ ಸೋಜಿಗವೆಂದರೆ, ನಿಂತು ದುಡಿಯುವವರಿಗೆ ಕೂರುವ ಏರ್ಪಾಡು ಇರಬೇಕೆಂದು ನಮ್ಮ ಕಾರ್ಖಾನೆ ಕಾಯ್ದೆ 1948ರಲ್ಲೇ ಹೇಳಿತ್ತು! ಬ್ರಿಟನ್ನಿನಲ್ಲಂತೂ ಮೂವರು ಮಹಿಳಾ ಸಿಬ್ಬಂದಿಗೆ ಒಂದಾದರೂ ಆಸನ ಬೇಕೆಂಬ ಅಂಗಡಿ ಕಾನೂನು 1899ರಲ್ಲೇ ಬಂದಿತ್ತು.

ಕೇರಳದಲ್ಲಿ ಈ ಮೌನವನ್ನು ಮುರಿದವರು ಕೋಳಿಕ್ಕೋಡಿನ ಮಿಠಾಯಿ ತೆರುವಿನ ಹೆಂಗಸರು. ಅಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ವಿಜಿ ಪಲಿತೋಡಿ 'ಪೆಣ್‌ಕೂಟ್ಟ್' ಎಂಬ ಸಂಘಟನೆ ಕಟ್ಟಿದರು. ಮೊದಲ ಬೇಡಿಕೆ ಕುರ್ಚಿಯಲ್ಲ, ಶೌಚಾಲಯ! ಅದಿಲ್ಲದ್ದರಿಂದ ಹೆಂಗಸರು ದಿನವಿಡೀ ನೀರು ಕುಡಿಯದೆ ಇರುತ್ತಿದ್ದರು. ಮೂತ್ರದ ಸೋಂಕು, ಕಾಲಿನ ನರ ಉಬ್ಬುವುದು ಮಾಮೂಲಾಗಿತ್ತು. ವರ್ಷಗಳ ಹೋರಾಟದ ನಂತರ 2018ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಕೆಲಸದ ನಡುವೆ ಅವಕಾಶ ಸಿಕ್ಕಾಗ ಕೂರಲು ಆಸನ ಒದಗಿಸುವುದು ಮಾಲೀಕನ ಕರ್ತವ್ಯವಾಯಿತು. 2021ರಲ್ಲಿ ತಮಿಳುನಾಡು ಇದೇ ದಾರಿ ಹಿಡಿಯಿತು.

ಈಗ ಇನ್‌ಸ್ಪೆಕ್ಟರ್ ಕುರ್ಚಿಗಳನ್ನು ಎಣಿಸಬಹುದು. ಕೂರಲು ಬಿಡುತ್ತಾರೆಯೇ ಎಂಬುದನ್ನು ಎಣಿಸುವುದು ಹೇಗೆ? ಅಧಿಕಾರಿ ಬಂದಾಗ ಕೂತವರು ಅವರು ಮೆಟ್ಟಿಲಿಳಿದೊಡನೆ ಎದ್ದು ನಿಲ್ಲಬೇಕಾದರೆ, ಆಸನವಿದ್ದೂ ಇಲ್ಲದಂತೆ. ರಿಜಿಸ್ಟರಿಗಿಂತ ಇಲ್ಲಿ ಕೆಲಸಕ್ಕೆ ಬರುವುದು ಸಿಬ್ಬಂದಿಯನ್ನು ಒಂಟಿಯಾಗಿ ಮಾತನಾಡಿಸುವ ತಾಳ್ಮೆ.

ರಜೆಯಲ್ಲಿ ಅಂಗಡಿ, ಮಾಲ್‌ಗಳಲ್ಲಿ ದುಡಿಯಲು ಹೊರಡುವ ನಮ್ಮ ಕಾಲೇಜು ಹುಡುಗ ಹುಡುಗಿಯರು ಕರ್ನಾಟಕದ 1961ರ ಕಾಯ್ದೆಯನ್ನೂ ಒಮ್ಮೆ ಕೇಳಿ ತಿಳಿದಿರಲಿ. ವಾರಕ್ಕೊಂದು ದಿನ ರಜೆ ಕೊಡಬೇಕು, ಐದು ಗಂಟೆ ದುಡಿದರೆ ಕನಿಷ್ಠ ಒಂದು ಗಂಟೆ ಬಿಡುವು ಕೊಡಬೇಕು ಎಂದು ಅದು ಹೇಳಿತು. ಬಹುಪಾಲು ಹುಡುಗರಿಗೆ ಇದು ಗೊತ್ತಿರುವುದಿಲ್ಲ. ಅಪ್ಪ ಅಮ್ಮಂದಿರಿಗೂ ಅಷ್ಟೆ. ಸಂಬಳ ಎಷ್ಟೆಂದು ಕೇಳುತ್ತಾರೆ, ಊಟದ ಬಿಡುವು ಎಷ್ಟೆಂದು ಕೇಳುವುದಿಲ್ಲ.